ಕುಮಾರ್ ಬರ್ವೆ: ಲೆಕ್ಕಪತ್ರದ ಮೇಜಿನಿಂದ ಶಾಸನಸಭೆಗೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರತಿನಿಧಿ ಸಭೆಯಲ್ಲಿ 1991ರಿಂದ 2023ರವರೆಗೆ ಸದಸ್ಯರಾಗಿದ್ದ ಕುಮಾರ್ ಪಿ. ಬರ್ವೆಯವರು ವೃತ್ತಿಯಿಂದ ಲೆಕ್ಕಪತ್ರದವರು. ಅಮೆರಿಕದ ಒಂದು ರಾಜ್ಯದ ಶಾಸನಸಭೆಗೆ ಚುನಾಯಿತರಾದ ಭಾರತೀಯ ಮೂಲದ ಮೊದಲಿಗರೆಂದು ಅವರನ್ನು ಗುರುತಿಸಲಾಗಿದೆ. ನಮ್ಮ ಕರಾವಳಿಯಿಂದಲೂ ಅನೇಕ ಕುಟುಂಬಗಳು ಹೊರದೇಶಗಳಲ್ಲಿ ನೆಲೆಸಿವೆ. ಹೋದ ನಾಡಿನಲ್ಲಿ ದುಡಿದು ಬದುಕುವುದು ಒಂದು, ಆ ನಾಡಿನ ಆಡಳಿತದ ಹೊಣೆ ಹೊರುವುದು ಇನ್ನೊಂದು. ಈ ಎರಡನೆಯದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಲು ಅವರ ಜೀವನವನ್ನು ಸಂಕ್ಷಿಪ್ತವಾಗಿ ಕೊಡುತ್ತಿದ್ದೇವೆ.

ಹಿನ್ನೆಲೆ

ಭಾರತೀಯರಿಗೆ ಅಮೆರಿಕದ ಪೌರತ್ವ ಸುಲಭವಾಗಿ ದೊರೆತದ್ದಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. 1946ರ ಕಾಯಿದೆ ಆ ಬಾಗಿಲನ್ನು ತೆರೆಯಿತು. ಹತ್ತು ವರ್ಷಗಳ ನಂತರ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಕಾಂಗ್ರೆಸ್‌ಗೆ ಆರಿಸಿ ಬಂದರು. ಆದರೆ ರಾಜ್ಯ ಮಟ್ಟದ ಶಾಸನಸಭೆಗೆ ಬರ್ವೆಯವರು ಗೆದ್ದದ್ದು 1990ರಲ್ಲಿ.

ಶಿಕ್ಷಣ ಮತ್ತು ವೃತ್ತಿ

ಬರ್ವೆಯವರು 1958ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಜನಿಸಿದರು. 1980ರಲ್ಲಿ ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಿಂದ ಲೆಕ್ಕಶಾಸ್ತ್ರದಲ್ಲಿ ಪದವಿ ಪಡೆದರು. ಇದು ಯೇಸುಸಭೆಯವರ ವಿದ್ಯಾಸಂಸ್ಥೆ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದವರೂ ಇದೇ ಸಭೆಯವರು. ಮುಂದೆ ಬರ್ವೆಯವರು ಪರಿಸರ ಸಂಬಂಧಿ ಖಾಸಗಿ ಕಂಪೆನಿಯೊಂದರ ಹಣಕಾಸಿನ ಮುಖ್ಯಾಧಿಕಾರಿಯಾದರು.

ಶಾಸಕರಾದ ಮೇಲೂ ವೃತ್ತಿಯನ್ನು ಬಿಡಬೇಕಾಗಲಿಲ್ಲ. ಮೇರಿಲ್ಯಾಂಡ್ ಶಾಸನಸಭೆಯ ವಾರ್ಷಿಕ ಅಧಿವೇಶನ ಜನವರಿಯಿಂದ 90 ದಿನ ಮಾತ್ರ. ಉಳಿದ ಸಮಯದಲ್ಲಿ ಸದಸ್ಯರು ವಕೀಲರಾಗಿ, ಶಿಕ್ಷಕರಾಗಿ, ವ್ಯಾಪಾರಿಗಳಾಗಿ ದುಡಿಯುವುದು ಅಲ್ಲಿ ಸಾಮಾನ್ಯ.

ಶಾಸನಸಭೆಯಲ್ಲಿ

ರಾಜಧಾನಿ ಅನಾಪೊಲಿಸ್‌ನ ಶಾಸನಸಭೆಯಲ್ಲಿ 47 ಮಂದಿ ಸೆನೆಟರುಗಳು, 141 ಮಂದಿ ಪ್ರತಿನಿಧಿಗಳು. ಡೆಮಾಕ್ರಟಿಕ್ ಪಕ್ಷದ ಬರ್ವೆಯವರು ಮಾಂಟ್ಗೊಮೆರಿ ಕೌಂಟಿಯ ರಾಕ್‌ವಿಲ್ ಮತ್ತು ಗೇದರ್ಸ್‌ಬರ್ಗ್ ಒಳಗೊಂಡ 17ನೇ ಕ್ಷೇತ್ರದಿಂದ ನಾಲ್ಕು ವರ್ಷಗಳಿಗೊಮ್ಮೆ, ಒಟ್ಟು ಒಂಬತ್ತು ಬಾರಿ ಗೆದ್ದರು. ಸ್ವಂತ ಸಮುದಾಯದ ಮತಗಳನ್ನು ಮಾತ್ರ ನಂಬಿ ಅಲ್ಲಿ ಗೆಲ್ಲುವಂತಿರಲಿಲ್ಲ. ಎಲ್ಲರ ವಿಶ್ವಾಸ ಬೇಕಿತ್ತು.

2003ರಿಂದ 2015ರವರೆಗೆ ಅವರು ಸಭೆಯ ಬಹುಮತ ಪಕ್ಷದ ನಾಯಕರಾಗಿದ್ದರು. ಆ ರಾಜ್ಯದ ಸಂವಿಧಾನದಂತೆ ಬಜೆಟ್‌ನಲ್ಲಿ ಆದಾಯಕ್ಕಿಂತ ವೆಚ್ಚ ಹೆಚ್ಚಿರಕೂಡದು. ಶಾಲೆಗೆ ಕೊಟ್ಟರೆ ರಸ್ತೆಗೆ ಎಷ್ಟು ಉಳಿಯುತ್ತದೆ ಎಂದು ಎಣಿಸಿಯೇ ಮಾತು ಕೊಡಬೇಕಾದ ಇಂತಹ ಕಡೆ ಲೆಕ್ಕ ಬಲ್ಲವರ ಅಗತ್ಯವನ್ನು ಬೇರೆ ಹೇಳಬೇಕಾಗಿಲ್ಲ.

2015ರಿಂದ 2023ರವರೆಗೆ ಅವರು ಪರಿಸರ ಮತ್ತು ಸಾರಿಗೆ ಸಮಿತಿಯ ಅಧ್ಯಕ್ಷರಾಗಿದ್ದರು. ಈ ಅವಧಿಯಲ್ಲಿ, 2017ರಲ್ಲಿ, ಬಂಡೆ ಸೀಳಿ ಅನಿಲ ತೆಗೆಯುವುದನ್ನು ರಾಜ್ಯ ನಿಷೇಧಿಸಿತು. 2022ರ ಹವಾಮಾನ ಕಾಯಿದೆಯು 2031ರೊಳಗೆ ಹಸಿರುಮನೆ ಅನಿಲಗಳನ್ನು 2006ರ ಮಟ್ಟಕ್ಕಿಂತ ಶೇ. 60ರಷ್ಟು ತಗ್ಗಿಸುವ ಗುರಿಯಿಟ್ಟಿತು.

ಸೋಲೂ ಇತ್ತು. 2016ರಲ್ಲಿ ಅಮೆರಿಕದ ಕಾಂಗ್ರೆಸ್‌ಗೆ ಪಕ್ಷದ ಅಭ್ಯರ್ಥಿಯಾಗಲು ಸ್ಪರ್ಧಿಸಿದಾಗ ಜೇಮಿ ರಾಸ್ಕಿನ್ ಎದುರು ಸೋತರು. ಆದರೆ ರಾಜ್ಯದ ಕೆಲಸ ಬಿಡಲಿಲ್ಲ. 2023ರಲ್ಲಿ ರಾಜ್ಯಪಾಲ ವೆಸ್ ಮೂರ್ ಅವರನ್ನು ವಿದ್ಯುತ್ ಹಾಗೂ ಅನಿಲದ ದರಗಳನ್ನು ನಿಯಂತ್ರಿಸುವ ಸಾರ್ವಜನಿಕ ಸೇವಾ ಆಯೋಗಕ್ಕೆ ನೇಮಿಸಿದರು.

ಅವರ ನಂತರ

ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2020ರಲ್ಲಿ ಮಿಶಿಗನ್ ರಾಜ್ಯದ ಸಭೆಗೆ, 2022ರಲ್ಲಿ ಕಾಂಗ್ರೆಸ್‌ಗೆ ಆಯ್ಕೆಯಾದರು. ಭಾರತೀಯ ಮೂಲದ ಶಾಸಕರು ಇಂದು ಅಲ್ಲಿ ಅಪರೂಪವಲ್ಲ. ಸಾರ್ವಜನಿಕ ಸೇವೆಗೆ ಭಾಷಣಕಾರರೇ ಬೇಕೆಂದಿಲ್ಲ, ಜನರ ಹಣದ ಲೆಕ್ಕವನ್ನು ಶ್ರದ್ಧೆಯಿಂದ ನೋಡುವವರಿಗೂ ಅಲ್ಲಿ ಸ್ಥಳವಿದೆ ಎಂಬುದನ್ನು ಬರ್ವೆಯವರ 32 ವರ್ಷಗಳ ಸೇವೆಯಲ್ಲಿ ಕಾಣುತ್ತೇವೆ.