ಉರುಳಿನ ತಂತಿ, ಕಿಸೆಯ ಇಕ್ಕುಳ

ಕೊಳ್ಳೇಗಾಲದಿಂದ ಹನೂರು, ಅಜ್ಜೀಪುರಗಳನ್ನು ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುವವರಿಗೆ ದಾರಿಯಲ್ಲಿ ರಾಮಾಪುರ ಸಿಕ್ಕುತ್ತದೆ. 1992ರ ಮೇ ತಿಂಗಳಲ್ಲಿ ವೀರಪ್ಪನ್‌ನ ತಂಡ ಇಲ್ಲಿಯ ಪೊಲೀಸು ಠಾಣೆಯ ಮೇಲೆ ನಡೆಸಿದ ದಾಳಿಯಿಂದ ಈ ಊರಿನ ಹೆಸರು ನಾಡಿಗೆಲ್ಲ ತಿಳಿಯಿತು. ಕೋವಿಯ ಸದ್ದು ದೂರಕ್ಕೆ ಕೇಳುತ್ತದೆ. ಆದರೆ ಇದೇ ಕಾಡಿನಂಚಿನಲ್ಲಿ ಸದ್ದಿಲ್ಲದೆ ಕೊಲ್ಲುವ ಸಾಧನವೊಂದುಂಟು, ಅದು ಉರುಳು.

ಹಿಂದಿನ ಬೇಟೆಗಾರನ ಉರುಳು ನಾರಿನದು. ಬಲವಾದ ಮೃಗ ಜಗ್ಗಿದರೆ ಹರಿಯುವ ಸಂಭವವಾದರೂ ಇತ್ತು. 1896ರಲ್ಲಿ ಅರ್ನೆಸ್ಟ್ ಬೌಡನ್ ಎಂಬಾತ ಕೊಳವೆಯೊಳಗೆ ಜಾರುವ ಉಕ್ಕಿನ ಹುರಿತಂತಿಗೆ ಪೇಟೆಂಟು ಪಡೆದನು. ಸೈಕಲ್ಲಿನ ಬ್ರೇಕಿಗೂ ಮೋಟಾರು ಸೈಕಲ್ಲಿನ ಕ್ಲಚ್ಚಿಗೂ ಅದೇ ಆಧಾರವಾಯಿತು. ಹಳೆಯದಾದ ಆ ತಂತಿಯೇ ಇಂದು ಕಾಡುಹಂದಿಯ ಜಾಡಿನಲ್ಲಿ ಕುಣಿಕೆಯಾಗುತ್ತದೆ. ಉರುಳಿಗೆ ಮೃಗಭೇದ ಗೊತ್ತಿಲ್ಲ. ಹಂದಿಗೆಂದು ಒಡ್ಡಿದುದರಲ್ಲಿ ಚಿರತೆಯ ಸೊಂಟ ಸಿಕ್ಕಿಕೊಳ್ಳುತ್ತದೆ, ಎಳೆದಷ್ಟೂ ಬಿಗಿಯುತ್ತದೆ. 1972ರ ವನ್ಯಜೀವಿ ಕಾಯಿದೆ ಇದನ್ನು ಬೇಟೆಯೆಂದೇ ಎಣಿಸಿದೆ. 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮವೂ ಆಯಿತು. ಆದರೂ ಪೊದೆಯಲ್ಲಿ ಅಡಗಿದ ತಂತಿಯನ್ನು ಕತ್ತರಿಸಬೇಕಾದುದು ಕಾಲುನಡಿಗೆಯಲ್ಲಿ ಗಸ್ತು ತಿರುಗುವ ಕಾವಲುಗಾರನ ಕೈ ತಾನೆ?

ಆ ಕೈಗೆ ಯಾವ ಆಯುಧ ತಕ್ಕುದು? ಮಚ್ಚು ಪೊದೆ ಸವರಲು ಸರಿ. ಉಕ್ಕಿನ ಹುರಿಯ ಮೇಲೆ ಬಾಯಿ ಮುರಿದುಕೊಳ್ಳುತ್ತದೆ. ಬೇಕಾದುದು ಇಕ್ಕುಳ. (‘ಇಱುಕು’, ಅಂದರೆ ಅಮುಕು ಎಂಬ ಧಾತುವಿನ ನಂಟಿನ ಪದವಿದು, ಅಕ್ಕಸಾಲಿಗನ ಮನೆಯಲ್ಲಿ ಇಂದಿಗೂ ಬಳಕೆಯಲ್ಲಿದೆ.) 1891ರಲ್ಲಿ ಸ್ವಿಟ್ಜರ್ಲೆಂಡಿನ ಸೈನಿಕರ ಕೈಸೇರಿದ ಮಡಿಚುವ ಚಾಕುವಿನಲ್ಲಿ ಅಲಗು, ತಿರುಪುಳಿ, ಡಬ್ಬಿ ತೆರೆಯುವ ಕೊಕ್ಕೆಗಳಿದ್ದವು, ಇಕ್ಕುಳವಿರಲಿಲ್ಲ. 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯೂರೋಪು ಸುತ್ತುತ್ತಿದ್ದ ಅಮೆರಿಕದ ಟಿಮ್ ಲೆದರ್‌ಮನ್ನನಿಗೆ ಈ ಕೊರತೆ ಅರಿವಾಯಿತು. 1980ರಲ್ಲಿ ಅವನಿಗೆ ಪೇಟೆಂಟು ದೊರೆಯಿತು, 1983ರಲ್ಲಿ ಮಾರಾಟ ಮೊದಲಾಯಿತು. ತಂತಿ ಕತ್ತರಿಸುವ ಬಾಯಿಯುಳ್ಳ ಇಕ್ಕುಳ ಕಿಸೆಗಿಳಿದುದು ಹೀಗೆ.

ಆದರೆ ಹೆಸರು ನೋಡಿ ಕೊಳ್ಳಬಾರದು. ಹುರಿತಂತಿ ಒಂದೇ ಎಳೆಯದಲ್ಲ. ಚಪ್ಪಟೆ ಬಾಯಿಗಳ ನಡುವೆ ಸಿಕ್ಕಿದಾಗ ಅದು ಕೆದರಿ, ಕೆಲವು ಎಳೆಗಳು ಜಾರಿ ಉಳಿಯುತ್ತವೆ. ಗಿಳಿಯ ಕೊಕ್ಕಿನಂತೆ ಬಾಗಿದ ಬಾಯಿ ಎಳೆಗಳನ್ನೆಲ್ಲ ಸುತ್ತುವರಿದು ಒಮ್ಮೆಗೇ ಕತ್ತರಿಸುತ್ತದೆ. ಕಿಸೆಯ ಸಾಧನದ ಹಿಡಿ ಗಿಡ್ಡ. ಆದುದರಿಂದ ತಂತಿಯನ್ನು ಬಾಯಿಯ ತುದಿಯಲ್ಲಿ ಹಿಡಿಯದೆ ಕೀಲಿನ ಬುಡಕ್ಕೆ ತಳ್ಳಿ ಅಮುಕಬೇಕು. ಬಾಯಿ ಸವೆದರೆ ಅದನ್ನಷ್ಟೇ ಬದಲಿಸಬಹುದಾದ ಮಾದರಿಗಳೂ ಈಗ ಬಂದಿವೆ. ಗಸ್ತಿನವನಿಗೆ ಅವೇ ಲೇಸು. ಮುಳ್ಳುತಂತಿಯ ಬೇಲಿಯ ಕೆಲಸ ಹೆಚ್ಚಿದ್ದರೆ, ನನ್ನ ಮಟ್ಟಿಗೆ, ವಿದ್ಯುತ್ ಕೆಲಸದವರ ಉದ್ದ ಹಿಡಿಯ ಸಾದಾ ಕಟಿಂಗ್ ಪ್ಲೇಯರ್ರೇ ಮೇಲು.

ಮೃಗ ಸಿಕ್ಕಿರುವ ಉರುಳಿಗೆ ಕೈಹಾಕತಕ್ಕದ್ದಲ್ಲ. ಅಲ್ಲಿ ಮೊದಲು ಅರಿವಳಿಕೆ ಕೊಡುವ ಪಶುವೈದ್ಯ ಬರಬೇಕು. ಇಕ್ಕುಳದ ಸರದಿ ಆಮೇಲೆ. ಬರಿದಾದ ಉರುಳನ್ನಾದರೋ ಗೂಟದ ಬುಡದಲ್ಲೇ ಕತ್ತರಿಸಿ ಕುಣಿಕೆಯನ್ನು ಚೀಲಕ್ಕೆ ಹಾಕಿಕೊಂಡು ಬರಬೇಕು. ಸಡಿಲಿಸಿ ಅಲ್ಲೇ ಬಿಟ್ಟುಬಂದರೆ ಅದು ಮರುದಿನ ಇನ್ನೊಂದು ಜಾಡಿನಲ್ಲಿ ಇರುತ್ತದೆ.