ಸಾಲ್ಮನ್ ಟ್ರೋಲಿಂಗ್: ಮಿನುಗುವ ಎರೆಗಿಂತ ಆಳ ಮತ್ತು ವೇಗ ಮುಖ್ಯ, ಏಕೆ?

ʻಟ್ರೋಲ್ʼ ಎಂದೊಡನೆ ನಮಗೆ ನೆನಪಾಗುವುದು ಸಾಮಾಜಿಕ ಜಾಲತಾಣಗಳಲ್ಲಿ ಕಾಲೆಳೆಯುವವರು. ಮಲ್ಪೆ, ಮಂಗಳೂರು ಕಡೆಯವರಿಗಾದರೆ ಟ್ರಾಲ್ ಬೋಟ್ ನೆನಪಾದೀತು. ಈ ಲೇಖನದ ಟ್ರೋಲಿಂಗ್ ಎರಡೂ ಅಲ್ಲ. ಟ್ರಾಲ್ ಬೋಟ್ ದೊಡ್ಡ ಚೀಲದಂಥ ಬಲೆಯನ್ನು ಎಳೆಯುತ್ತದೆ, ಎದುರಿಗೆ ಸಿಕ್ಕಿದ್ದನ್ನೆಲ್ಲ ಬಾಚುತ್ತದೆ. ಟ್ರೋಲಿಂಗ್‌ನಲ್ಲಿ ಬಲೆಯೇ ಇಲ್ಲ. ನಿಧಾನವಾಗಿ ಚಲಿಸುವ ದೋಣಿಯ ಹಿಂದೆ ಎರೆ ಕಟ್ಟಿದ ಗಾಳವನ್ನು ಎಳೆಯುತ್ತಾರೆ. ಅದು ಈಜುತ್ತಿರುವ ಚಿಕ್ಕ ಮೀನಿನಂತೆ ಕಂಡರೆ ದೊಡ್ಡ ಮೀನು ಬಂದು ಕಚ್ಚುತ್ತದೆ. ಸಿಗುವುದು ಒಂದೊಂದೇ ಮೀನು.

ಅಮೆರಿಕ ಮತ್ತು ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ಹಾಗೆಯೇ ಮಿಷಿಗನ್‌ನಂಥ ಮಹಾ ಸರೋವರಗಳಲ್ಲಿ ಸಾಲ್ಮನ್ ಹಿಡಿಯುವ ಮುಖ್ಯ ವಿಧಾನಗಳಲ್ಲಿ ಇದೂ ಒಂದು. ಸಿಯಾಟಲ್, ವ್ಯಾಂಕೂವರ್, ಶಿಕಾಗೋ ಸುತ್ತ ನೆಲೆಸಿರುವ ಕನ್ನಡಿಗರಲ್ಲಿ ಯಾರಿಗಾದರೂ ಈ ಹವ್ಯಾಸ ಹತ್ತಿದರೆ, ಮೊದಲು ಹೋಗುವುದು ಅಂಗಡಿಯ ಬಣ್ಣಬಣ್ಣದ ಎರೆಗಳ ಗೋಡೆಯ ಮುಂದೆ. ಅಲ್ಲೇ ಹಣ ಖರ್ಚಾಗುತ್ತದೆ. ಆದರೆ ಮೀನು ಸಿಗುವುದೂ ಸಿಗದಿರುವುದೂ ಹೆಚ್ಚಾಗಿ ಬೇರೆ ಎರಡು ಸಂಗತಿಗಳ ಮೇಲೆ ನಿಂತಿದೆ: ಎರೆ ಎಷ್ಟು ಆಳದಲ್ಲಿದೆ, ಎಷ್ಟು ವೇಗದಲ್ಲಿ ಓಡುತ್ತಿದೆ. ಬಣ್ಣದ ಸರದಿ ಆಮೇಲೆ.

ಯಾವ ಸಾಲ್ಮನ್?

ನಮ್ಮ ಮೀನು ಮಾರುಕಟ್ಟೆಗಳಲ್ಲಿ ʻಇಂಡಿಯನ್ ಸಾಲ್ಮನ್ʼ ಹೆಸರಿನಲ್ಲಿ ಮಾರುವ ರಾವಸ್ ನಿಜವಾದ ಸಾಲ್ಮನ್ ಅಲ್ಲ. ಅದು ಬೇರೆಯೇ ಕುಟುಂಬದ ಮೀನು. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ ಐದು ಜಾತಿಯ ಸಾಲ್ಮನ್‌ಗಳಿವೆ: ಚಿನೂಕ್, ಕೋಹೋ, ಸಾಕೈ, ಪಿಂಕ್ ಮತ್ತು ಚಮ್. ಹವ್ಯಾಸಿಗಳು ಟ್ರೋಲಿಂಗ್ ಮಾಡುವುದು ಹೆಚ್ಚಾಗಿ ಚಿನೂಕ್ ಮತ್ತು ಕೋಹೋಗಾಗಿ. ಈ ಎರಡೂ ಚಿಕ್ಕ ಮೀನುಗಳನ್ನು ಅಟ್ಟಿಸಿಕೊಂಡು ಹೋಗಿ ತಿನ್ನುತ್ತವೆ, ಹಾಗಾಗಿ ಓಡುವ ಎರೆಗೆ ಸುಲಭವಾಗಿ ಮರುಳಾಗುತ್ತವೆ.

ಮಹಾ ಸರೋವರಗಳಿಗೆ ಇವು ಮೂಲನಿವಾಸಿಗಳಲ್ಲ. ಹೊರಗಿನಿಂದ ನುಗ್ಗಿ ವಿಪರೀತ ಬೆಳೆದಿದ್ದ ಏಲ್‌ವೈಫ್ ಎಂಬ ಚಿಕ್ಕ ಮೀನನ್ನು ಹದ್ದಿನಲ್ಲಿಡಲು, ಜೊತೆಗೆ ಹವ್ಯಾಸಿ ಮೀನುಗಾರಿಕೆ ಬೆಳೆಸಲು, ಮಿಷಿಗನ್ ರಾಜ್ಯವು 1966ರಲ್ಲಿ ಕೋಹೋ, 1967ರಲ್ಲಿ ಚಿನೂಕ್ ಮರಿಗಳನ್ನು ಬಿಟ್ಟಿತು.

ಮೊದಲನೆಯದು: ಆಳ

ಸಾಲ್ಮನ್ ತಣ್ಣೀರಿನ ಮೀನು. ಚಿನೂಕ್‌ಗೆ ಹಿತವಾದ ತಾಪಮಾನ ಸುಮಾರು 12 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಮಿಷಿಗನ್ ಸರೋವರದ ಮೇಲ್ಪದರ 20 ಡಿಗ್ರಿ ದಾಟಬಹುದು, ಕೆಳಗಿನ ನೀರು ಮಾತ್ರ ಕೊರೆಯುತ್ತಿರುತ್ತದೆ. ಇವೆರಡರ ನಡುವೆ, ಕೆಲವೇ ಮೀಟರ್‌ಗಳಲ್ಲಿ ತಾಪಮಾನ ಥಟ್ಟನೆ ಇಳಿಯುವ ಪದರವೊಂದಿದೆ. ಇದಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ಬೇಸಿಗೆಯಲ್ಲಿ ಸಾಲ್ಮನ್ ಹೆಚ್ಚಾಗಿ ಸಿಗುವುದು ಈ ಪದರದ ಆಸುಪಾಸಿನಲ್ಲಿ. ಎರೆ ಅದಕ್ಕಿಂತ ಹತ್ತು ಮೀಟರ್ ಮೇಲೆ ಓಡುತ್ತಿದ್ದರೆ ಅದು ಎಷ್ಟೇ ಸುಂದರವಾಗಿದ್ದರೂ ನೋಡಲು ಮೀನೇ ಇರುವುದಿಲ್ಲ.

ಸಮುದ್ರದಲ್ಲಿ ಅಲೆ ಮತ್ತು ಉಬ್ಬರವಿಳಿತ ನೀರನ್ನು ಕಲಕುತ್ತಿರುತ್ತವೆ, ಆದ್ದರಿಂದ ಅಲ್ಲಿ ಬೆಳಕು ಮತ್ತು ಆಹಾರ ಹೆಚ್ಚು ಮುಖ್ಯ. ನಸುಕಿನಲ್ಲಿ ಮೀನುಗಳು ಮೇಲಿರುತ್ತವೆ, ಬಿಸಿಲೇರಿದಂತೆ ಕೆಳಗಿಳಿಯುತ್ತವೆ. ಸಾಮಾನ್ಯವಾಗಿ ಕೋಹೋ ಮೇಲಿನ ನೀರಿನಲ್ಲಿ, ಚಿನೂಕ್ ಇನ್ನೂ ಆಳದಲ್ಲಿ, ಅನೇಕ ಕಡೆ ತಳಕ್ಕೆ ಹತ್ತಿರ ಸಿಗುತ್ತದೆ.

ಎರೆಯನ್ನು ಬೇಕಾದ ಆಳಕ್ಕೆ ಇಳಿಸಲು ಮೂರು ಸಾಮಾನ್ಯ ಉಪಾಯಗಳಿವೆ.

• ಡೌನ್‌ರಿಗ್ಗರ್: ದೋಣಿಯ ಅಂಚಿಗೆ ಬಿಗಿದ ರಾಟೆ. ಅದರ ತಂತಿಯ ತುದಿಯಲ್ಲಿ 4.5ರಿಂದ 7 ಕೆ.ಜಿ. (10ರಿಂದ 15 ಪೌಂಡ್) ತೂಕದ ಗುಂಡು ಇರುತ್ತದೆ. ಗಾಳದ ದಾರವನ್ನು ಕ್ಲಿಪ್ ಮೂಲಕ ಗುಂಡಿನ ಬಳಿ ಸಿಕ್ಕಿಸಿ ಇಳಿಸುತ್ತಾರೆ. ಮೀನು ಕಚ್ಚಿ ಎಳೆದಾಗ ದಾರ ಕ್ಲಿಪ್‌ನಿಂದ ಕಳಚಿಕೊಳ್ಳುತ್ತದೆ. ಆಮೇಲೆ ಗುಂಡಿನ ಭಾರವಿಲ್ಲ, ಮೀನಿಗೂ ನಿಮಗೂ ನೇರ ಹಣಾಹಣಿ.

• ಡೈವರ್: ನೀರಿನ ಒತ್ತಡದಿಂದ ತಾನಾಗಿಯೇ ಕೆಳಕ್ಕೆ ಮುಳುಗುವ ತಟ್ಟೆಯಾಕಾರದ ಸಾಧನ. ಬೆಲೆ ಕಡಿಮೆ, ಚಿಕ್ಕ ದೋಣಿಗೂ ಸರಿ. ಆದರೆ ಆಳ ಅಂದಾಜಿನದು.

• ಲೆಡ್ ಕೋರ್: ಒಳಗೆ ಸೀಸದ ಎಳೆಯಿರುವ ದಾರ. ಪ್ರತಿ 10 ಗಜಕ್ಕೆ ಬಣ್ಣ ಬದಲಾಗುತ್ತದೆ. ಗಂಟೆಗೆ ಸುಮಾರು 3 ಕಿ.ಮೀ. ವೇಗದಲ್ಲಿ ಒಂದು ಬಣ್ಣ ಬಿಟ್ಟರೆ ಹೆಚ್ಚುಕಡಿಮೆ ಒಂದೂವರೆ ಮೀಟರ್ ಆಳ ಎಂಬುದು ರೂಢಿಯ ಲೆಕ್ಕ.

ಡೌನ್‌ರಿಗ್ಗರ್‌ನ ಮೀಟರ್ 30 ತೋರಿಸಿದರೆ ಎರೆ 30 ಮೀಟರ್ ಆಳದಲ್ಲಿದೆ ಎಂದು ಹೊಸಬರು ನಂಬುತ್ತಾರೆ. ಮೀಟರ್ ಹೇಳುವುದು ಬಿಟ್ಟ ತಂತಿಯ ಉದ್ದವನ್ನು, ಆಳವನ್ನಲ್ಲ. ದೋಣಿ ಓಡುವಾಗ ನೀರಿನ ತಡೆಯಿಂದ ಗುಂಡು ಹಿಂದಕ್ಕೆ ವಾಲುತ್ತದೆ. ತಂತಿ ನೆಟ್ಟಗಿದೆ ಎಂದುಕೊಂಡು ಲೆಕ್ಕ ಹಾಕಿದರೆ, 30 ಡಿಗ್ರಿ ವಾಲಿದಾಗ 30 ಮೀಟರ್ ತಂತಿ ತಲುಪುವುದು 26 ಮೀಟರ್. 45 ಡಿಗ್ರಿ ವಾಲಿದರೆ ಬರೀ 21 ಮೀಟರ್. ಆಳದಲ್ಲಿ ಟ್ರೋಲಿಂಗ್ ಮಾಡುವವರು ಭಾರದ ಗುಂಡನ್ನು ಆರಿಸುವುದು ಇದೇ ಕಾರಣಕ್ಕೆ.

ಎರಡನೆಯದು: ವೇಗ

ಸಾಲ್ಮನ್ ಟ್ರೋಲಿಂಗ್ ನಡೆಯುವುದು ಹೆಚ್ಚಾಗಿ ಗಂಟೆಗೆ 2.5ರಿಂದ 5 ಕಿ.ಮೀ. ವೇಗದಲ್ಲಿ, ಅಂದರೆ ನಾವು ನಡೆಯುವಷ್ಟು ವೇಗ. ನಿಜವಾದ ಹೆರಿಂಗ್ ಮೀನನ್ನು ಎರೆಯಾಗಿ ಕಟ್ಟಿದ್ದರೆ ನಿಧಾನ, ಚಮಚದಾಕಾರದ ಲೋಹದ ಎರೆ ಸ್ಪೂನ್ ಆದರೆ ಸ್ವಲ್ಪ ಚುರುಕು.

ಮೊಬೈಲ್‌ನ ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗ. ಎರೆಗೆ ಬೇಕಿರುವುದು ನೀರಿಗೆ ಹೋಲಿಸಿದ ವೇಗ. ಗಂಟೆಗೆ 2 ಕಿ.ಮೀ. ಸೆಳೆತದ ಎದುರು ಹೋಗುವಾಗ ಜಿಪಿಎಸ್ 3 ತೋರಿಸಿದರೆ ಎರೆಯ ಮಟ್ಟಿಗೆ ವೇಗ 5. ಅದೇ ಸೆಳೆತದ ಜೊತೆ ಹೋಗುವಾಗ 3 ತೋರಿಸಿದರೆ ಎರೆಯ ವೇಗ ಬರೀ 1. ಒಂದು ದಿಕ್ಕಿನಲ್ಲಿ ಹೋಗುವಾಗ ಮೀನು ಕಚ್ಚಿ, ತಿರುಗಿ ಬರುವಾಗ ಏನೂ ಸಿಗದಿದ್ದರೆ ಅದೃಷ್ಟವನ್ನು ಹಳಿಯುವ ಮೊದಲು ಈ ಲೆಕ್ಕ ನೋಡಿ.

ಉಪಕರಣವಿಲ್ಲದೆಯೂ ವೇಗ ಪರೀಕ್ಷಿಸಬಹುದು. ಎರೆಯನ್ನು ಇಳಿಸುವ ಮೊದಲು ದೋಣಿಯ ಪಕ್ಕದಲ್ಲೇ ಎಳೆದು ನೋಡಿ. ಅದು ಗಾಯಗೊಂಡ ಮೀನಿನಂತೆ ಒದ್ದಾಡಬೇಕು. ಸುಮ್ಮನೆ ಜೋತಾಡಿದರೆ ನಿಧಾನವಾಯಿತು, ಹುಚ್ಚುಹುಚ್ಚಾಗಿ ಗಿರಗಿರನೆ ತಿರುಗಿದರೆ ವೇಗ ಹೆಚ್ಚಾಯಿತು. ದೋಣಿ ತಿರುಗುವಾಗಲೂ ಗಮನವಿರಲಿ. ಹೊರಬದಿಯ ಗಾಳ ಜೋರಾಗಿ ಓಡುತ್ತದೆ, ಒಳಬದಿಯದು ನಿಧಾನವಾಗುತ್ತದೆ. ಹೊರಬದಿಯದಕ್ಕೇ ಮೀನು ಕಚ್ಚಿದರೆ ವೇಗ ಹೆಚ್ಚಿಸಬೇಕೆಂಬ ಸೂಚನೆ ಅದು.

ಕೋಲು, ರೀಲ್, ದಾರ

ಡೌನ್‌ರಿಗ್ಗರ್‌ಗೆ 8.5ರಿಂದ 10.5 ಅಡಿಯ, ಚೆನ್ನಾಗಿ ಬಾಗುವ ಕೋಲು ಬೇಕು. ಗಡುಸು ಕೋಲು ಇಲ್ಲಿ ಕೆಲಸಕ್ಕೆ ಬಾರದು. ಕೋಲು ಬಿಲ್ಲಿನಂತೆ ಬಾಗಿ ಕಾಯುತ್ತಿರುತ್ತದೆ. ಕ್ಲಿಪ್ ಕಳಚಿದ ಕ್ಷಣ ಅದು ಚಿಮ್ಮಿ, ಸಡಿಲವಾದ ದಾರವನ್ನು ಬಿಗಿಗೊಳಿಸುತ್ತದೆ. ಬಿಟ್ಟ ದಾರದ ಉದ್ದ ಎಣಿಸುವ ರೀಲ್ ಇದ್ದರೆ ಒಮ್ಮೆ ಮೀನು ಸಿಕ್ಕ ಜಾಗಕ್ಕೆ ಎರೆಯನ್ನು ಮತ್ತೆ ಕಳಿಸುವುದು ಸುಲಭ. ದಾರ 20ರಿಂದ 30 ಪೌಂಡ್ ಸಾಮರ್ಥ್ಯದ್ದು ಸಾಕು. ರೀಲ್‌ನ ಬಿಗಿ, ಅಂದರೆ ಡ್ರ್ಯಾಗ್, ದಾರದ ಸಾಮರ್ಥ್ಯದ ಸುಮಾರು ಕಾಲು ಭಾಗಕ್ಕಿರಲಿ. ಚಿನೂಕ್ ಒಂದೇ ಓಟಕ್ಕೆ ಬಹಳಷ್ಟು ದಾರ ಎಳೆದೊಯ್ಯುತ್ತದೆ. ಬಿಡದೆ ಹಿಡಿದರೆ ದಾರ ತುಂಡಾಗುತ್ತದೆ.

ಎರೆಯ ಮುಂದೆ ಫ್ಲ್ಯಾಷರ್ ಕಟ್ಟುವುದು ಪೆಸಿಫಿಕ್ ಕರಾವಳಿಯ ರೂಢಿ. ಇದು ಸುಮಾರು 28 ಸೆಂ.ಮೀ. ಉದ್ದದ ಹೊಳೆಯುವ ಪಟ್ಟಿ, ಗಾಳ ಇದರಲ್ಲಿ ಇರುವುದಿಲ್ಲ. ಅದರ ತಿರುಗುವಿಕೆ ದೂರದಿಂದಲೇ ಹೊಳೆದು ಕಾಣುತ್ತದೆ, ಜೊತೆಗೆ ನೀರಿನಲ್ಲಿ ಕಂಪನ ಹುಟ್ಟಿಸುತ್ತದೆ. ಮೀನಿನ ಮೈಯ ಎರಡೂ ಬದಿಯ ಪಾರ್ಶ್ವರೇಖೆ ಹತ್ತಿರದ ಇಂಥ ಕಂಪನಗಳನ್ನು ಗ್ರಹಿಸಬಲ್ಲದು. ಹಿಂದಿನ ಎರೆಯನ್ನು ಆಡಿಸುವುದೂ ಫ್ಲ್ಯಾಷರ್ ಕೆಲಸವೇ. ಹೂಚಿ ಎಂಬ ರಬ್ಬರ್ ಕುಚ್ಚಿನ ಎರೆಗೆ ಸ್ವಂತ ಆಟವಿಲ್ಲ. ಆದ್ದರಿಂದ ಅದನ್ನು 75ರಿಂದ 105 ಸೆಂ.ಮೀ. ದೂರದಲ್ಲಿ ಕಟ್ಟುತ್ತಾರೆ. ತಾನೇ ಒದ್ದಾಡುವ ಸ್ಪೂನ್ ಅಥವಾ ಹೆರಿಂಗ್ ಆದರೆ ಒಂದೂವರೆ ಮೀಟರ್ ಅಥವಾ ಇನ್ನೂ ಸ್ವಲ್ಪ ಹೆಚ್ಚು ದೂರ ಕೊಡಬಹುದು.

ಹಾಗಾದರೆ ಬಣ್ಣ ಲೆಕ್ಕಕ್ಕೇ ಇಲ್ಲವೇ?

ಇದೆ. ಆದರೆ ಅಂಗಡಿಯಲ್ಲಿ ಕಾಣುವ ಬಣ್ಣ ನೀರಿನ ಕೆಳಗೆ ಹಾಗೇ ಉಳಿಯುವುದಿಲ್ಲ. ನೀರು ಕೆಂಪು ಬೆಳಕನ್ನು ಮೊದಲು ಹೀರಿಕೊಳ್ಳುತ್ತದೆ. ಹತ್ತಾರು ಮೀಟರ್ ಆಳದಲ್ಲಿ ಕಡುಗೆಂಪು ಎರೆ ಕಪ್ಪಾಗಿ ಕಾಣುತ್ತದೆ. ತಿಳಿಯಾದ ಸರೋವರದಲ್ಲಿ ನೀಲಿ, ಪಾಚಿಯಿಂದ ಹಸಿರಾದ ಕರಾವಳಿ ನೀರಿನಲ್ಲಿ ಹಸಿರು ಬೆಳಕು ಹೆಚ್ಚು ಆಳಕ್ಕೆ ಇಳಿಯುತ್ತದೆ. ಫ್ಲೋರೊಸೆಂಟ್ ಬಣ್ಣಗಳು ನೀಲಿ, ಹಸಿರು ಬೆಳಕನ್ನು ಹೀರಿ ತಮ್ಮದೇ ಬಣ್ಣವಾಗಿ ಹೊರಸೂಸುವುದರಿಂದ ಆಳದಲ್ಲೂ ಎದ್ದು ಕಾಣುತ್ತವೆ. ಬೆಳಕೇ ಇಲ್ಲದಷ್ಟು ಆಳಕ್ಕೆ, ಟಾರ್ಚ್ ಹಿಡಿದರೆ ಆಮೇಲೂ ಹೊಳೆಯುತ್ತಿರುವ ಎರೆಗಳಿವೆ. ನಾಲ್ಕೈದು ಎರೆಗಳಿದ್ದರೆ ಸಾಕು. ಬಣ್ಣಕ್ಕಿಂತ ಮೊದಲು ಅವುಗಳ ಗಾತ್ರ ಅಲ್ಲಿನ ಸಾಲ್ಮನ್ ತಿನ್ನುತ್ತಿರುವ ಚಿಕ್ಕ ಮೀನಿಗೆ ಹೊಂದಲಿ.

ʻಮನುಷ್ಯನ ಕೈ ವಾಸನೆಗೆ ಸಾಲ್ಮನ್ ಓಡಿಹೋಗುತ್ತದೆʼ ಎಂಬ ಮಾತಿಗೆ ಒಂದು ಆಧಾರವಿದೆ. ಸಸ್ತನಿಗಳ ಚರ್ಮದಲ್ಲಿರುವ ಎಲ್-ಸೆರೀನ್ ಎಂಬ ಅಮೈನೋ ಆಮ್ಲ ನದಿಯೇರುವ ಸಾಲ್ಮನ್‌ಗಳನ್ನು ಬೆದರಿಸುತ್ತದೆ ಎಂದು 1956ರಲ್ಲೇ ಪ್ರಕಟವಾಗಿತ್ತು. ಎರೆ ಮುಟ್ಟುವ ಮೊದಲು ಕೈ ತೊಳೆದುಕೊಂಡರೆ ನಷ್ಟವೇನಿಲ್ಲ. ಅದಕ್ಕೆಂದೇ ದುಬಾರಿ ದ್ರಾವಣ ಕೊಳ್ಳುವ ಮೊದಲು ಆಳ, ವೇಗ ಸರಿಯಿವೆಯೇ ನೋಡಿ.

ಇಳಿಸುವ ಕ್ರಮ

1. ದೋಣಿಯನ್ನು ನೇರವಾಗಿ, ಟ್ರೋಲಿಂಗ್ ವೇಗದಲ್ಲೇ ಓಡಿಸುತ್ತಿರಿ. ನಿಂತ ದೋಣಿಯಿಂದ ಇಳಿಸಿದರೆ ದಾರ ತಂತಿಗೆ ಸುತ್ತಿಕೊಳ್ಳುತ್ತದೆ.
2. ಎರೆಯ ಆಟ ನೋಡಿ, ಐದರಿಂದ ಹತ್ತು ಮೀಟರ್ ಹಿಂದಕ್ಕೆ ಬಿಡಿ.
3. ದಾರವನ್ನು ಕ್ಲಿಪ್‌ಗೆ ಸಿಕ್ಕಿಸಿ, ರೀಲ್ ಸಡಿಲವಿಟ್ಟು ಗುಂಡನ್ನು ನಿಧಾನವಾಗಿ ಇಳಿಸಿ.
4. ಕೋಲನ್ನು ಹಿಡಿಕೆಯಲ್ಲಿಟ್ಟು, ಅದು ಬಾಗುವವರೆಗೆ ದಾರ ಸುತ್ತಿ, ಡ್ರ್ಯಾಗ್ ಹೊಂದಿಸಿ.
5. ಕೋಲಿನ ತುದಿ ಸಣ್ಣಗೆ ಕಂಪಿಸುತ್ತಿದ್ದರೆ ಎಳೆದು ನೋಡಿ.

ಕೊನೆಯ ಅಂಶವನ್ನು ಮರೆಯಬೇಡಿ. ಕ್ಲಿಪ್ ತೀರಾ ಬಿಗಿಯಾಗಿದ್ದರೆ ಚಿಕ್ಕ ಮೀನು ಕಚ್ಚಿದರೂ ದಾರ ಕಳಚುವುದಿಲ್ಲ. ಆ ಮರಿ ದೋಣಿಯ ಹಿಂದೆ ಗಂಟೆಗಟ್ಟಲೆ ಎಳೆಸಿಕೊಂಡು ಸಾಯುತ್ತದೆ.

ಬಿಡಬೇಕಾದ ಮೀನನ್ನು ಗುರುತಿಸಿ

ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್‌ನ ಚಿನೂಕ್ 1999ರಿಂದ ಅಮೆರಿಕದ ಕಾನೂನಿನಡಿ ಅಪಾಯಕ್ಕೊಳಗಾದ ಪ್ರಭೇದವಾಗಿ ರಕ್ಷಣೆ ಪಡೆದಿದೆ. ಅದನ್ನೇ ನೆಚ್ಚಿಕೊಂಡ ಅಲ್ಲಿನ ಓರ್ಕಾ ತಿಮಿಂಗಿಲಗಳೂ ಅಳಿವಿನಂಚಿನಲ್ಲಿವೆ. ಅನೇಕ ಕಡೆ ಸಾಕಣೆ ಕೇಂದ್ರದಿಂದ ಬಿಟ್ಟ ಮೀನನ್ನು ಮಾತ್ರ ಇಟ್ಟುಕೊಳ್ಳಬಹುದು. ಮರಿಯಿದ್ದಾಗಲೇ ಅವುಗಳ ಬಾಲದ ಮುಂದೆ ಬೆನ್ನಿನ ಮೇಲಿರುವ ಚಿಕ್ಕ ಅಡಿಪೋಸ್ ರೆಕ್ಕೆಯನ್ನು ಕತ್ತರಿಸಿರುತ್ತಾರೆ. ಆ ರೆಕ್ಕೆ ಇದ್ದರೆ ಅದು ಕಾಡು ಮೀನು ಎಂದು ಭಾವಿಸಿ ಬಿಟ್ಟುಬಿಡಬೇಕು. ಜಾತಿ ಗುರುತಿಸಲು ಬಾಯಿ ನೋಡಿ: ಹಲ್ಲಿನ ಬುಡದ ವಸಡು ಕಪ್ಪಾಗಿದ್ದು ಬಾಲದ ಎರಡೂ ಕವಲುಗಳಲ್ಲಿ ಚುಕ್ಕಿಗಳಿದ್ದರೆ ಚಿನೂಕ್. ವಸಡು ಬೆಳ್ಳಗಿದ್ದು ಬಾಲದ ಮೇಲಿನ ಕವಲಿನಲ್ಲಿ ಮಾತ್ರ ಚುಕ್ಕಿಗಳಿದ್ದರೆ ಕೋಹೋ.

ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿ. ಬ್ರಿಟಿಷ್ ಕೊಲಂಬಿಯಾದ ಸಮುದ್ರದಲ್ಲಿ ಸಾಲ್ಮನ್‌ಗೆ ಮುಳ್ಳಿಲ್ಲದ ಗಾಳ ಕಡ್ಡಾಯ. ಬಿಡಬೇಕಾದ ಮೀನನ್ನು ದೋಣಿಯೊಳಗೆ ತರದೆ, ನೀರಿನಲ್ಲಿರುವಾಗಲೇ ಗಾಳ ಕಳಚಿ. ಪರವಾನಗಿ, ಋತು, ಅಳತೆಯ ನಿಯಮಗಳು ಪ್ರದೇಶಕ್ಕೊಂದು, ಕೆಲವೊಮ್ಮೆ ವಾರಕ್ಕೊಂದು. ಹೊರಡುವ ದಿನವೇ ಅಧಿಕೃತ ಪುಟ ನೋಡಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಲೈಫ್ ಜಾಕೆಟ್

ʻನನಗೆ ಈಜು ಬರುತ್ತದೆʼ ಎಂಬ ಧೈರ್ಯ ಈ ನೀರಿನಲ್ಲಿ ಸಾಲದು. ತೀರಾ ತಣ್ಣೀರಿಗೆ ಬಿದ್ದವರ ಬಗ್ಗೆ ತರಬೇತುದಾರರು ಹೇಳಿಕೊಡುವ ಸೂತ್ರ 1-10-1: ಏದುಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಲೈಫ್ ಜಾಕೆಟ್ ಇಲ್ಲದಿದ್ದರೆ ಆ ಒಂದು ಗಂಟೆ ಸಿಗುವುದೇ ಇಲ್ಲ, ಕೈಕಾಲು ಸೋತೊಡನೆ ಮುಳುಗುತ್ತಾರೆ. ಅದನ್ನು ಸೀಟಿನ ಕೆಳಗಿಡದೆ ಮೈಮೇಲೆ ಧರಿಸಿ.

ಒಟ್ಟಿನಲ್ಲಿ ಹಣ ಖರ್ಚು ಮಾಡುವ ಕ್ರಮ ಹೀಗಿರಲಿ: ಮೊದಲು ಲೈಫ್ ಜಾಕೆಟ್, ಆಮೇಲೆ ಆಳಕ್ಕೆ ಇಳಿಸುವ ಸಾಧನ, ನಂತರ ಬಾಗುವ ಕೋಲು ಮತ್ತು ಒಳ್ಳೆಯ ರೀಲ್. ಬಣ್ಣಬಣ್ಣದ ಎರೆಗಳು ಕೊನೆಗೆ, ಅವೂ ನಾಲ್ಕೈದು ಸಾಕು.