ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತದೆ?

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದರೆ ನಮ್ಮ ಊರುಗಳ ಗ್ಯಾರೇಜುಗಳ ಮುಂದೆ ಕಾರುಗಳ ಸಾಲು ಬೆಳೆಯುತ್ತದೆ. ಕಲಬುರಗಿಯಾಗಲಿ, ಬಳ್ಳಾರಿಯಾಗಲಿ, ಬೆಂಗಳೂರಾಗಲಿ, ದೂರು ಒಂದೇ: ಎಸಿ ಮೊದಲಿನಷ್ಟು ತಂಪು ಕೊಡುತ್ತಿಲ್ಲ. ಉತ್ತರವೂ ಬಹುಮಟ್ಟಿಗೆ ಒಂದೇ: ಗ್ಯಾಸ್ ಖಾಲಿಯಾಗಿದೆ, ತುಂಬಿಸಿದರೆ ಸರಿಹೋಗುತ್ತದೆ.

'ಖಾಲಿಯಾಗಿದೆ' ಎಂಬ ಮಾತು ಪೆಟ್ರೋಲಿಗೆ ಒಪ್ಪುತ್ತದೆ. ಅದು ಉರಿದು ಮುಗಿಯುತ್ತದೆ. ಎಸಿಯ ಗ್ಯಾಸ್ ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ. ಮುಂಭಾಗದ ಕಂಡೆನ್ಸರಿನಲ್ಲಿ ಅದು ಬಿಸಿಯನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ಡ್ಯಾಶ್‌ಬೋರ್ಡಿನ ಒಳಗಿನ ಸುರುಳಿಯಲ್ಲಿ ಕಾರಿನ ಬಿಸಿಯನ್ನು ಹೀರಿ ಮತ್ತೆ ಆವಿಯಾಗುತ್ತದೆ. ಮುಚ್ಚಿದ ಕೊಳವೆಯೊಳಗೆ ಅದೇ ಅರ್ಧ ಕಿಲೋ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರಬೇಕು. ಕಡಿಮೆಯಾಗಿದೆ ಎಂದರೆ ಸೋರಿದೆ ಎಂದೇ ಅರ್ಥ. ಹಾಗಾದರೆ ಸೋರಿದ್ದು ಎಲ್ಲಿಂದ, ಹೋದದ್ದು ಎಲ್ಲಿಗೆ? ಕಾರಿನ ಎಸಿಯ ಸುಮಾರು ಎಂಬತ್ತೈದು ವರ್ಷಗಳ ಚರಿತ್ರೆಯನ್ನು ಈ ಎರಡು ಪ್ರಶ್ನೆಗಳ ಸುತ್ತಲೇ ಹೇಳಬಹುದು.

ಮೊದಲು ಗ್ಯಾಸಿನ ಕಥೆ. 1920ರ ದಶಕದ ಅಮೆರಿಕದಲ್ಲಿ ಮನೆಯ ಫ್ರಿಜ್‌ಗಳು ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್, ಅಮೋನಿಯಾದಂಥ ಅನಿಲಗಳಿಂದ ನಡೆಯುತ್ತಿದ್ದವು. ಸೋರಿದರೆ ಕಣ್ಣು, ಗಂಟಲು ಉರಿಯುತ್ತಿತ್ತು. ಕೆಲವೊಮ್ಮೆ ಪ್ರಾಣವೂ ಹೋಗುತ್ತಿತ್ತು. 1929ರಲ್ಲಿ ಶಿಕಾಗೋದಲ್ಲಿ ಮೀಥೈಲ್ ಕ್ಲೋರೈಡ್ ಸೋರಿ ಜನ ಸತ್ತ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ವಿಷವಲ್ಲದ, ಬೆಂಕಿ ಹತ್ತದ ಅನಿಲ ಬೇಕಿತ್ತು. ಜನರಲ್ ಮೋಟರ್ಸ್‌ನ ಥಾಮಸ್ ಮಿಡ್‌ಗ್ಲಿ ಮತ್ತು ಸಂಗಡಿಗರು 1928ರಲ್ಲಿ ಅಂಥದ್ದನ್ನು ಕಂಡುಕೊಂಡರು. ಅದೇ ಮುಂದೆ ಫ್ರಿಯಾನ್ ಎಂದು ಹೆಸರಾದ ಸಿಎಫ್‌ಸಿ-12. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಆರ್-12. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಡ್‌ಗ್ಲಿ ಆ ಅನಿಲವನ್ನು ಎದೆತುಂಬ ಎಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿ ಅದನ್ನು ಆರಿಸಿ ತೋರಿಸಿದರು. ವಿಷವೂ ಅಲ್ಲ, ಬೆಂಕಿಯೂ ಹತ್ತದು ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಉಸಿರಿನಲ್ಲಿ ಉತ್ತರ ಸಿಕ್ಕಿತ್ತು. ಆ ಉಸಿರು ಕೋಣೆಯ ಕಿಟಕಿ ದಾಟಿ ಮುಂದೆ ಎಲ್ಲಿಗೆ ಹೋಗುತ್ತದೆಂದು ಕೇಳಬೇಕೆಂದು ಆಗ ಯಾರಿಗೂ ತೋಚಲಿಲ್ಲ.

ಕಾರಿಗೆ ಕಾರ್ಖಾನೆಯಲ್ಲೇ ಎಸಿ ಅಳವಡಿಸಿದ ಮೊದಲ ಕಂಪನಿ ಪ್ಯಾಕಾರ್ಡ್. 1939ರ ಕೊನೆಯಲ್ಲಿ ಅದು ಈ ಸೌಲಭ್ಯವನ್ನು 274 ಡಾಲರ್‌ಗಳ ಹೆಚ್ಚುವರಿ ಬೆಲೆಗೆ ಮುಂದಿಟ್ಟಿತು. ತಂಪು ಮಾಡುವ ಸುರುಳಿ ಹಿಂದಿನ ಸೀಟಿನ ಹಿಂಬದಿಯಲ್ಲಿದ್ದು, ಡಿಕ್ಕಿಯ ಜಾಗವನ್ನು ನುಂಗುತ್ತಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲವಾದ್ದರಿಂದ ಎಂಜಿನ್ ತಿರುಗಿದಷ್ಟು ಹೊತ್ತೂ ಅದು ತಿರುಗುತ್ತಿತ್ತು. ಅದನ್ನು ಪೂರ್ತಿ ನಿಲ್ಲಿಸಬೇಕೆಂದರೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು. ಎರಡು ವರ್ಷಗಳಲ್ಲಿ ಪ್ಯಾಕಾರ್ಡ್ ಅದನ್ನು ಕೈಬಿಟ್ಟಿತು. ಯುದ್ಧ ಮುಗಿದ ಮೇಲೆ 1953ರಲ್ಲಿ ಕ್ರೈಸ್ಲರ್, 1954ರಲ್ಲಿ ಇಡೀ ವ್ಯವಸ್ಥೆಯನ್ನು ಮುಂಭಾಗದಲ್ಲೇ ಅಡಕಗೊಳಿಸಿದ ನ್ಯಾಶ್, ಹೀಗೆ ದಾರಿ ತೆರೆಯಿತು. 1960ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎಸಿ ಇತ್ತು.

ಮನೆಯ ಫ್ರಿಜ್ ಇಪ್ಪತ್ತು ವರ್ಷ ಗ್ಯಾಸ್ ಕೇಳದೆ ನಡೆಯುತ್ತದೆ. ಕಾರಿನ ಎಸಿ ಮಾತ್ರ ಯಾಕೆ ಮತ್ತೆ ಮತ್ತೆ ಕೇಳುತ್ತದೆ? ಕಾರಣ ಅದರ ರಚನೆಯಲ್ಲಿದೆ. ಫ್ರಿಜ್‌ನಲ್ಲಿ ಮೋಟರ್ ಮತ್ತು ಕಂಪ್ರೆಸರ್ ಎರಡನ್ನೂ ಒಂದೇ ಉಕ್ಕಿನ ಡಬ್ಬಿಯಲ್ಲಿಟ್ಟು ಬೆಸುಗೆ ಹಾಕಿರುತ್ತಾರೆ. ಹೊರಗೆ ಬರುವುದು ತಂತಿ ಮತ್ತು ಗಟ್ಟಿ ಕೊಳವೆಗಳು ಮಾತ್ರ. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟ್. ಅದಕ್ಕಾಗಿ ತಿರುಗುವ ದಂಡವೊಂದು ಒಳಗಿನಿಂದ ಹೊರಕ್ಕೆ ಚಾಚಲೇಬೇಕು. ಒತ್ತಡದ ಗ್ಯಾಸಿಗೂ ಹೊರಗಿನ ಗಾಳಿಗೂ ನಡುವೆ ಅಲ್ಲಿರುವುದು ಒಂದು ಸೀಲ್ ಮಾತ್ರ. ಎಂಜಿನ್ ಅಲುಗುವುದರಿಂದ ಕೊಳವೆಗಳಲ್ಲಿ ಒಂದಷ್ಟು ಭಾಗ ರಬ್ಬರಿನದೇ ಆಗಬೇಕು. ಸಂದುಗಳಲ್ಲಿ ರಬ್ಬರಿನ ಉಂಗುರಗಳು. ಇದರ ಮೇಲೆ ನಮ್ಮ ರಸ್ತೆಗಳ ಗುಂಡಿ, ಧೂಳು. ಸೋರಿಕೆ ಈ ಯಂತ್ರಕ್ಕೆ ಹುಟ್ಟಿನಿಂದಲೇ ಅಂಟಿಬಂದದ್ದು.

ಹಳೆಯ ಮೆಕ್ಯಾನಿಕ್‌ಗಳು ಈ ಸೋರಿಕೆಯನ್ನು ಹುಡುಕಲು ಒಂದು ದೀಪ ಇಟ್ಟುಕೊಂಡಿರುತ್ತಿದ್ದರು. ಹ್ಯಾಲೈಡ್ ಟಾರ್ಚ್ ಎಂದು ಅದರ ಹೆಸರು. ಜ್ವಾಲೆಯಲ್ಲಿ ತಾಮ್ರದ ತುಂಡು ಕಾಯುತ್ತಿರುತ್ತದೆ, ಒಂದು ಕೊಳವೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಕೊಳವೆಯ ತುದಿಯನ್ನು ಸಂದುಗಳ ಬಳಿ ಹಿಡಿಯುತ್ತ ಹೋದರೆ, ಸೋರುತ್ತಿರುವ ಜಾಗದಲ್ಲಿ ಗ್ಯಾಸಿನ ಕ್ಲೋರಿನ್ ತಾಮ್ರದೊಡನೆ ಸೇರಿ ಜ್ವಾಲೆ ಹಸಿರಾಗುತ್ತಿತ್ತು. ಆದರೆ ಬಹುಪಾಲು ಗಿರಾಕಿಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಗ್ಯಾಸ್ ಅಗ್ಗವಾಗಿತ್ತು. ಅಮೆರಿಕದ ಅಂಗಡಿಗಳಲ್ಲಿ ಸಣ್ಣ ಡಬ್ಬಿಗಳಲ್ಲಿ ಸಿಗುತ್ತಿತ್ತು. ಉಳಿದದ್ದನ್ನು ಗಾಳಿಗೆ ಬಿಟ್ಟು ಹೊಸದು ತುಂಬುವುದು ಗ್ಯಾರೇಜುಗಳ ಎಂದಿನ ಪದ್ಧತಿಯಾಗಿತ್ತು.

ಗ್ಯಾಸ್ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಗೆ ಉತ್ತರದ ಸುಳಿವು ಸಿಕ್ಕಿದ್ದು ಗ್ಯಾರೇಜಿನಿಂದ ಬಹುದೂರ, ಸಮುದ್ರದ ನಡುವೆ. 1971–72ರಲ್ಲಿ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ತಾವೇ ರೂಪಿಸಿದ ಉಪಕರಣದೊಂದಿಗೆ ಶ್ಯಾಕಲ್ಟನ್ ಎಂಬ ಹಡಗಿನಲ್ಲಿ ಅಂಟಾರ್ಕ್ಟಿಕಾದ ಕಡೆಗಿನ ಪಯಣದ ಗಾಳಿಯನ್ನು ಅಳೆದರು. ಆರ್-12ರ ಸೋದರನಾದ ಸಿಎಫ್‌ಸಿ-11 ದಾರಿಯುದ್ದಕ್ಕೂ ಸಿಕ್ಕಿತು. ಜಗತ್ತಿನಲ್ಲಿ ಅಲ್ಲಿಯವರೆಗೆ ತಯಾರಾದ ಈ ಅನಿಲ ಹೆಚ್ಚುಕಡಿಮೆ ಪೂರ್ತಿ ಗಾಳಿಯಲ್ಲೇ ಉಳಿದಿದೆ ಎಂಬ ಲೆಕ್ಕ ಬಂತು. ಕ್ಯಾಲಿಫೋರ್ನಿಯಾದ ಶೆರ್ವುಡ್ ರೋಲಂಡ್ ಮತ್ತು ಅವರ ಬಳಿಗೆ ಹೊಸದಾಗಿ ಬಂದಿದ್ದ ಮೆಕ್ಸಿಕೋದ ತರುಣ ಮಾರಿಯೋ ಮೊಲೀನಾ, ಇದಕ್ಕೆ ಮುಂದೇನಾಗುತ್ತದೆ ಎಂದು ಕೇಳಿದರು. 1974ರ ಜೂನ್‌ನಲ್ಲಿ ಅವರ ಉತ್ತರ ಪ್ರಕಟವಾಯಿತು: ಯಾವುದರ ಜತೆಗೂ ಬೆರೆಯದ ಈ ಅನಿಲ ನಿಧಾನವಾಗಿ ಮೇಲೇರುತ್ತದೆ, ಅಲ್ಲಿ ಸೂರ್ಯನ ಅತಿನೇರಳೆ ಕಿರಣಕ್ಕೆ ಒಡೆದು ಕ್ಲೋರಿನ್ ಬಿಡುತ್ತದೆ, ಒಂದೊಂದು ಕ್ಲೋರಿನ್ ಪರಮಾಣುವೂ ಸಾವಿರಾರು ಓಝೋನ್ ಅಣುಗಳನ್ನು ನಾಶಮಾಡುತ್ತದೆ. ಕೆಳಗೆ ನಮಗೆ ನಿರಪಾಯಕಾರಿ ಎನಿಸಿದ್ದ ಆ ನಿಶ್ಚಲ ಗುಣವೇ ಮೇಲೆ ಅಪಾಯವಾಗಿತ್ತು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀವ್ರವಾಗಿ ಕುಸಿದಿರುವುದನ್ನು ಬ್ರಿಟಿಷ್ ತಂಡ ವರದಿ ಮಾಡಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು.

ಭಾರತ ಕೂಡಲೇ ಸಹಿ ಹಾಕಲಿಲ್ಲ. ಅದರ ವಾದ ಸರಳವಾಗಿತ್ತು: ಗಾಳಿಗೆ ಈ ಅನಿಲ ತುಂಬಿದವರು ಶ್ರೀಮಂತ ದೇಶಗಳು, ಬದಲಾವಣೆಯ ಖರ್ಚನ್ನು ಬಡ ದೇಶಗಳು ಯಾಕೆ ಹೊರಬೇಕು? 1990ರ ಲಂಡನ್ ಸಭೆಯಲ್ಲಿ ಅದಕ್ಕೆಂದೇ ನಿಧಿಯೊಂದು ರೂಪುಗೊಂಡ ಮೇಲೆ, 1992ರಲ್ಲಿ ಭಾರತ ಸೇರಿತು. ನಮ್ಮಲ್ಲಿ ಆಗಿನ್ನೂ ಎಸಿ ಕಾರು ಎಂಬುದು ಸಿರಿತನದ ಗುರುತಾಗಿತ್ತು. ಮಾರುತಿ 800ರಲ್ಲೂ ಎಸಿ ಇದ್ದದ್ದು, ಇಲ್ಲದ್ದು ಎಂದು ಎರಡು ಜಾತಿ.

ಆರ್-12ರ ಜಾಗಕ್ಕೆ ಕ್ಲೋರಿನ್ ಇಲ್ಲದ ಆರ್-134ಎ ಬಂತು. ಅದರೊಂದಿಗೆ ಎಣ್ಣೆ ಬದಲಾಯಿತು, ರಬ್ಬರ್ ಬದಲಾಯಿತು. ಹಸಿರು ಜ್ವಾಲೆಯ ದೀಪವೂ ಮೂಲೆ ಸೇರಿತು. ಕ್ಲೋರಿನ್ ಇಲ್ಲದ ಗ್ಯಾಸ್ ಅದರ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಕಾರಿಗೆ ಹೊಸ ಗ್ಯಾಸ್ ಹಾಕಿದರೆ ತಂಪು ತುಸು ಕಡಿಮೆ. ಅಮೆರಿಕದಲ್ಲಿ 1990ರ ದಶಕದ ನಡುವೆ ಆರ್-12 ದುಬಾರಿಯಾಗಿ, ಮಯಾಮಿ ಬಂದರಿನಿಂದ ಕಳ್ಳಸಾಗಣೆ ಜೋರಾಯಿತು. ಹಿಂದೆ ಗಾಳಿಗೆ ಬಿಡುತ್ತಿದ್ದುದನ್ನೇ ಜನ ಕದ್ದು ತರಿಸಿಕೊಂಡರು.

ಆರ್-134ಎ ಓಝೋನಿಗೆ ತೊಂದರೆ ಕೊಡುವುದಿಲ್ಲ ನಿಜ. ಆದರೆ ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ಅದು, ನೂರು ವರ್ಷಗಳ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು. ಒಂದು ಕಾರಿನ ಅರ್ಧ ಕಿಲೋ ಸೋರಿದರೆ ಮುನ್ನೂರು ಲೀಟರ್ ಪೆಟ್ರೋಲ್ ಸುಟ್ಟ ಹೊಗೆಗೆ ಸಮ. ಯುರೋಪು 2017ರಿಂದ ಹೊಸ ಕಾರುಗಳಲ್ಲಿ ಇದನ್ನು ನಿಲ್ಲಿಸಿದೆ. 2016ರ ಕಿಗಾಲಿ ತಿದ್ದುಪಡಿಯ ಪ್ರಕಾರ ಭಾರತ ಈ ಬಗೆಯ ಅನಿಲಗಳನ್ನು 2032ರಿಂದ ಇಳಿಸುತ್ತ, 2047ರ ಹೊತ್ತಿಗೆ ಶೇ. 85ರಷ್ಟು ಕಡಿತಗೊಳಿಸಬೇಕು. ಅಲ್ಲಿಯವರೆಗೆ ನಮ್ಮ ರಸ್ತೆಯ ಬಹುಪಾಲು ಕಾರುಗಳ ಹೊಟ್ಟೆಯಲ್ಲಿರುವುದು ಇದೇ.

ಹೀಗಾಗಿ ಬೇಸಗೆಗೆ ಮುಂಚೆ ಗ್ಯಾರೇಜಿಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳಿಗೆ ಈ ಚರಿತ್ರೆಯೇ ಹಿನ್ನೆಲೆ. ತಂಪು ಕಡಿಮೆಯಾದ ಮಾತ್ರಕ್ಕೆ ಗ್ಯಾಸೇ ಕಾರಣವೆಂದಿಲ್ಲ. ಒಳಗಿನ ಗಾಳಿಯ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು, ಮುಂದಿನ ಕಂಡೆನ್ಸರಿನಲ್ಲಿ ಕೆಸರು, ಹುಳು ಮೆತ್ತಿರಬಹುದು, ಫ್ಯಾನ್ ಸರಿಯಾಗಿ ತಿರುಗದಿರಬಹುದು. ಇವು ಸಣ್ಣ ಖರ್ಚಿನವು, ಮೊದಲು ನೋಡಬೇಕಾದವು. ಗ್ಯಾಸ್ ನಿಜಕ್ಕೂ ಕಡಿಮೆಯಿದ್ದರೆ ಸೋರುವ ಜಾಗ ಹುಡುಕಿಸಬೇಕು. ಗ್ಯಾಸಿನ ಜತೆ ಎಣ್ಣೆಯೂ ಹೊರಬರುವುದರಿಂದ ಸಂದುಗಳಲ್ಲಿ ಜಿಡ್ಡಿನ ಕಲೆ ಕಾಣುತ್ತದೆ. ಸಾಬೂನಿನ ನೊರೆ, ಹೊಳೆಯುವ ಬಣ್ಣ, ಎಲೆಕ್ಟ್ರಾನಿಕ್ ಉಪಕರಣ ಹೀಗೆ ದಾರಿಗಳಿವೆ. ಸೋರಿಕೆ ಮುಚ್ಚಿ, ಒಳಗಿನ ಗಾಳಿ, ತೇವವನ್ನು ಪಂಪಿನಿಂದ ಹೊರತೆಗೆದು, ಬಾನೆಟ್ ಕೆಳಗಿನ ಚೀಟಿ ಹೇಳುವಷ್ಟು ಗ್ರಾಮನ್ನು ತೂಗಿಯೇ ತುಂಬಬೇಕು; ಹೆಚ್ಚಾದರೂ ತಂಪು ಕುಗ್ಗುತ್ತದೆ. ಎಣ್ಣೆಯಿಲ್ಲದೆ ಓಡಿದ ಕಂಪ್ರೆಸರ್ ಕೆಟ್ಟರೆ ಅದರ ಬೆಲೆ ಹಲವು ವರ್ಷಗಳ ಗ್ಯಾಸಿನ ಬೆಲೆಯನ್ನು ಮೀರುತ್ತದೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿದರೆ ದಂಡದ ಸೀಲ್ ಎಣ್ಣೆಯಲ್ಲಿ ನೆನೆದು ಒಣಗದೆ ಉಳಿಯುತ್ತದೆ.

ಮಿಡ್‌ಗ್ಲಿ ತನ್ನೆದುರಿನ ಜನರಿಗೆ ತೊಂದರೆಯಾಗದಂತೆ ನೋಡಿಕೊಂಡ. ಅಷ್ಟು ಮಾಡಿದ್ದು ಕಡಿಮೆಯೇನಲ್ಲ. ಆದರೆ ಒಂದು ವಸ್ತು ಕಣ್ಣಿನಿಂದ ಮರೆಯಾದ ಮೇಲೆ ಎಲ್ಲಿಗೆ ಹೋಗುತ್ತದೆಂದು ಕೇಳಲು ಜಗತ್ತಿಗೆ ಇನ್ನೂ ನಲವತ್ತು ವರ್ಷ ಬೇಕಾಯಿತು. ಗ್ಯಾರೇಜಿನ ಮುಂದೆ ನಿಂತ ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ. "ಗ್ಯಾಸ್ ಖಾಲಿಯಾಗಿದೆ" ಎಂದಾಗ "ಎಲ್ಲಿಂದ ಸೋರಿತು?" ಎಂದು ಕೇಳಿದರೆ ಸಾಕು.